ನಾಲ್ವರ ಅಕ್ಷೋಹಿಣಿ

ಸೈನ್ಯಕ್ಕೆ ಯುದ್ಧ ಅಪರೂಪ, ಎಣಿಕೆ ನಿತ್ಯ. ಎಷ್ಟು ಆಳು, ಎಷ್ಟು ಕುದುರೆ, ಯಾರಿಗೆ ಎಷ್ಟು ಸಂಬಳ, ಎಷ್ಟು ಪಡಿ ಎಂದು ಬರೆದಿಡುವವನಿಲ್ಲದೆ ಯಾವ ಅರಸನ ದಂಡೂ ಊರ ಗಡಿ ದಾಟಲಾರದು. ಬಳ್ಳಾರಿ ಸೀಮೆ ಇಂಥ ಎಣಿಕೆಯನ್ನು ಬಹುಕಾಲ ಕಂಡ ನೆಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿ ಮುಗಿದ ಮೇಲೆ ಕೃಷ್ಣದೇವರಾಯ ಬಯಲಿನಲ್ಲಿ ತನ್ನ ಪಡೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದ ಬಗೆಯನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಅವನ ಬಳಿಕ ಬಂದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ನಾಯಕರು ಭೂಮಿಯನ್ನು ಉಂಬಳಿಯಾಗಿ ಪಡೆದು ಅದಕ್ಕೆ ಪ್ರತಿಯಾಗಿ ಇಂತಿಷ್ಟು ಆಳು, ಇಂತಿಷ್ಟು ಕುದುರೆಗಳನ್ನು ಸಾಕಿ ಒಪ್ಪಿಸಬೇಕಾಗಿದ್ದ ಏರ್ಪಾಡನ್ನು ಬರೆದಿಟ್ಟಿದ್ದಾನೆ. 1800ರಲ್ಲಿ ನಿಜಾಮ ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಕೂತು ಪಾಳೆಯಗಾರರ ಬಲವನ್ನೂ ರೈತರ ಹೊಲವನ್ನೂ ಲೆಕ್ಕಕ್ಕೆ ತಂದ. ಬಳ್ಳಾರಿ ದಂಡಿನ ಊರಾಯಿತು. ದಂಡು ಹೋಗಿ ಎಷ್ಟೋ ಕಾಲವಾದರೂ ಕಂಟೋನ್ಮೆಂಟ್, ಬ್ರೂಸ್‌ಪೇಟೆ ಎಂಬ ಹೆಸರುಗಳು ನಮ್ಮ ನಾಲಗೆಯ ಮೇಲೆ ಉಳಿದಿವೆ.

ಎಣಿಸುವವನಿದ್ದ ಕಡೆ ಎಣಿಕೆಯನ್ನು ವಂಚಿಸುವವನೂ ಹುಟ್ಟುತ್ತಾನೆ. ಇಲ್ಲದ ಆಳುಗಳ ಹೆಸರು ಬರೆಸಿ ಸಂಬಳ ಪಡೆಯುವುದು ದಂಡುಗಳಷ್ಟೇ ಹಳೆಯ ವಿದ್ಯೆ. ಅಲ್ಲಾವುದ್ದೀನ್ ಖಲ್ಜಿ ಕುದುರೆಗಳಿಗೆ ಮುದ್ರೆ ಒತ್ತಿಸಿದ್ದು, ಸೈನಿಕರ ಚಹರೆ ಬರೆಸಿದ್ದು ಇದೇ ವಂಚನೆಯನ್ನು ತಡೆಯಲು. ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲದ ಅನಂತರ ಅಕ್ಬರನೂ ಅದೇ ಮುದ್ರೆಯ ಪದ್ಧತಿಗೆ ಮರಳಬೇಕಾಯಿತು. ಇದೆಲ್ಲ ನಾನು ಓದಿ ತಿಳಿದದ್ದು. ಆದರೆ ಈ ವಂಚನೆಯನ್ನು ಕಂಡಾಗ ಜನ ಸಿಟ್ಟಾಗುವ ಬದಲು ಯಾಕೆ ನಗುತ್ತಾರೆ, ವಂಚಕನನ್ನು ಯಾಕೆ ತಮ್ಮವನೆಂದು ಅಪ್ಪಿಕೊಳ್ಳುತ್ತಾರೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಬಯಲಾಟ ನೋಡುತ್ತ ಕೂತಿದ್ದ ಒಂದು ರಾತ್ರಿ.

ಭತ್ತದ ಕಟಾವು ಮುಗಿದು ಗದ್ದೆಗಳು ಖಾಲಿಯಾಗಿದ್ದ ಕಾಲ. ಕಾಲುವೆಯ ನೀರು ನಿಂತಿತ್ತು. ಕುರುಗೋಡಿನ ದೊಡ್ಡಬಸವೇಶ್ವರನ ತೇರು ಮುಗಿಸಿಕೊಂಡು ಬಂದವರೂ ಆ ಅಟ್ಟದ ಮುಂದೆ ನೆರೆದಿದ್ದರು. ಪ್ರಸಂಗ ಕುರುಕ್ಷೇತ್ರ. ಭುಜಕೀರ್ತಿ ಕಟ್ಟಿ, ಕಿರೀಟ ಹೊತ್ತು, ಗೆಜ್ಜೆಕಾಲಿನಿಂದ ಅಟ್ಟ ನಡುಗಿಸುತ್ತ ಬಂದ ದುರ್ಯೋಧನ ಹಳಗಾಲದ ಗಂಭೀರ ಮಾತಿನಲ್ಲಿ ತನ್ನ ಹನ್ನೊಂದು ಅಕ್ಷೋಹಿಣಿ ಸೈನ್ಯವನ್ನು ನೋಡಬೇಕೆಂದ. ನಮ್ಮ ಕಡೆಯ ದೊಡ್ಡಾಟದಲ್ಲಿ ರಾಜನ ಬದಿಗೆ ಸಾರಥಿ ಇದ್ದೇ ಇರುತ್ತಾನೆ. ವೇಷದ ಭಾರವಿಲ್ಲದ, ಊರ ಮಾತನ್ನೇ ಆಡುವ, ಬಂದ ಪ್ರತಿ ಪಾತ್ರವನ್ನೂ ನೀನು ಯಾರು, ಎಲ್ಲಿಂದ ಬಂದೆ ಎಂದು ಕೇಳುವ ಅಧಿಕಾರವಿರುವವನು ಅವನೊಬ್ಬನೇ. ಅಂದು ಆಟ ಕಲಿಸಿದ ಮಾಸ್ತರರು ಪಠ್ಯದಲ್ಲಿಲ್ಲದ ಒಂದು ಪಾತ್ರವನ್ನೂ ಸೇರಿಸಿದ್ದರು: ಒಬ್ಬ ಜಮಾದಾರ. ಪಂಚೆಯ ಮೇಲೆ ಖಾಕಿ ಅಂಗಿ, ಕಾಡಿಗೆಯ ಮೀಸೆ, ಕಂಕುಳಲ್ಲಿ ಹಾಜರಿ ಪುಸ್ತಕ. ಒಂದು ಅಕ್ಷೋಹಿಣಿಯ ಕಾಲಾಳುಗಳ ಸಂಬಳವನ್ನು ಅವನು ಆಗಲೇ ಮುಂಗಡವಾಗಿ ಪಡೆದಿದ್ದ. ಮಹಾಭಾರತದ ಲೆಕ್ಕದಂತೆ ಒಂದು ಅಕ್ಷೋಹಿಣಿಗೆ 1,09,350 ಕಾಲಾಳು. ಅವನ ಹತ್ತಿರ ಇದ್ದದ್ದು ಕಟ್ಟಿಗೆಯ ಕತ್ತಿ ಹಿಡಿದ ನಾಲ್ಕು ಹುಡುಗರು.

ನಾಲ್ವರೂ ರಾಜನ ಮುಂದೆ ಸಾಗಿ, ತೆರೆಯ ಹಿಂದೆ ಓಡಿ, ರುಮಾಲು ಬದಲಿಸಿ ಮತ್ತೆ ಬಂದರು. ಮತ್ತೊಂದು ಸುತ್ತಿಗೆ ಕಂಬಳಿ ಹೊದ್ದು ಬಂದರು, ಇನ್ನೊಂದಕ್ಕೆ ಮೀಸೆ ಅಂಟಿಸಿಕೊಂಡು. ಜಮಾದಾರ ಪುಸ್ತಕ ಬಿಚ್ಚಿ ಸಾವಿರ, ಎರಡು ಸಾವಿರ ಎಂದು ಕೂಗುತ್ತಿದ್ದ. ದುರ್ಯೋಧನ ದೂರ ದಿಗಂತವನ್ನು ನೋಡುತ್ತ ಗದೆಯ ಮೇಲೆ ಕೈಯೂರಿ ನಿಂತು ಸಂಖ್ಯೆಯನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದ. ಸಾರಥಿ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನ ಹೆಗಲು ಹಿಡಿದ. ‘ಏನಪ, ನಿನ್ನ ಈಗಷ್ಟೇ ನೋಡಿದ್ನೆಲ್ಲ?’ ಹುಡುಗ ಏದುಸಿರಿನಲ್ಲಿ, ‘ಅವ ನಮ್ಮಣ್ಣ ರೀ’ ಅಂದ. ಬಯಲೆಲ್ಲ ನಕ್ಕಿತು. ಆಮೇಲೆ ಸಾರಥಿ ಜಮಾದಾರನ ಕಡೆ ತಿರುಗಿ, ‘ಲಕ್ಷ ಆಳಿನ ಸಂಬಳ ಇಸಗೊಂಡಿ. ಲಕ್ಷ ಆಳಿನ ದಾರಿ ಓಡಿದ ಈ ನಾಲ್ಕು ಹುಡುಗರಿಗೆ ಏನು ಕೊಟ್ಟಿ?’ ಎಂದು ಕೇಳಿದ. ‘ನಾಳಿ ಕೊಡ್ತೀನಿ’ ಎಂದ ಜಮಾದಾರ. ನಗು ಇಮ್ಮಡಿಯಾಯಿತು.

ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಕೂಲಿ ಹೆಣ್ಣುಮಗಳೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಗುವಿನ ನಡುವೆಯೇ, ಯಾರಿಗೂ ದೂರು ಹೇಳುವ ದನಿಯಲ್ಲದೆ, ‘ನಮ್ಮ ಹೆಸರೂ ಹಿಂಗೇ ತಿರಿಗ್ಯಾಡ್ತಾವ ನೋಡ್ರಿ, ನಾವು ಮನ್ಯಾಗ ಕುಂತಿರ್ತೀವಿ’ ಅಂದಳು. ಉದ್ಯೋಗ ಖಾತ್ರಿಯ ಕೆಲಸದ ಮಾತು ಅದು. ಅವಳ ಹೆಸರಿನಲ್ಲಿ ಎನ್‌ಎಂಆರ್ ಎಂಬ ಹಾಜರಿ ಪಟ್ಟಿ ತೆಗೆಯುತ್ತಾರೆ, ಮಣ್ಣನ್ನು ಯಂತ್ರ ಅಗೆಯುತ್ತದೆ, ಖಾತೆಗೆ ಬಂದ ಹಣವನ್ನು ತೆಗೆದುಕೊಟ್ಟರೆ ಅವಳಿಗೆ ಒಂದಿಷ್ಟು ಚಿಲ್ಲರೆ ಉಳಿಯುತ್ತದೆ. ಇಷ್ಟನ್ನು ಹೇಳಿ ಅವಳು ಮತ್ತೆ ಆಟ ನೋಡತೊಡಗಿದಳು. ನನಗೆ ಆ ಮೇಲಿನ ಆಟ ಸರಿಯಾಗಿ ನೆನಪಿಲ್ಲ.

ಅಲ್ಲಿಯವರೆಗೆ ಇಂಥ ನಗೆಯ ಬಗ್ಗೆ ನನ್ನಲ್ಲೊಂದು ಸಿದ್ಧ ತಿಳಿವಳಿಕೆಯಿತ್ತು: ಇದು ಕೆಳಗಿನವನು ಮೇಲಿನವನ ಮೇಲೆ ಸಾಧಿಸುವ ಸಣ್ಣ ಗೆಲುವು. ಶ್ರೇಣಿಯಲ್ಲಿ ನಿಂತು ಬಾಳಬೇಕಾದವರು, ಆಜ್ಞೆಯನ್ನು ಮೀರಲಾಗದವರು, ಅದರ ಸಂದಿಯಲ್ಲಿ ನುಸುಳಿ ಉಸಿರಾಡುವ ಬಗೆ. ಈ ತಿಳಿವಳಿಕೆಗೆ ಆಧಾರಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ 1955ರಿಂದ 1959ರವರೆಗೆ ಟಿ.ವಿ.ಯಲ್ಲಿ ಬಂದ ಒಂದು ಹಾಸ್ಯಮಾಲೆಯ ನಾಯಕ ಬಿಲ್ಕೊ ಎಂಬ ಸಾರ್ಜೆಂಟ್. ಫಿಲ್ ಸಿಲ್ವರ್ಸ್ ಎಂಬ ನಟ ಅವನಾಗಿದ್ದ. ಕ್ಯಾನ್ಸಸ್ಸಿನ ಕಲ್ಪಿತ ಶಿಬಿರವೊಂದರ ಮೋಟಾರು ವಿಭಾಗದಲ್ಲಿ ಕೂತು, ಕರ್ನಲನ ಮೂಗಿನಡಿಯಲ್ಲೇ ಹಣ ಮಾಡುವ ಹೂಟಗಳನ್ನು ಹೂಡುತ್ತ, ತನ್ನ ಪ್ಲಟೂನನ್ನೆಲ್ಲ ಅದರೊಳಗೆ ಎಳೆಯುತ್ತ, ಕೊನೆಗೆ ಬಹುಪಾಲು ಬರಿಗೈಯಲ್ಲೇ ಉಳಿಯುವವನು. ಅದನ್ನು ಬರೆದು ಕಟ್ಟಿದವನು ನ್ಯಾಟ್ ಹೈಕೆನ್. ಎರಡನೆಯ ಮಹಾಯುದ್ಧ ಮುಗಿದು ಹತ್ತೇ ವರ್ಷವಾಗಿತ್ತು. ಕಡ್ಡಾಯ ಸೈನ್ಯಸೇವೆ ಇನ್ನೂ ಜಾರಿಯಲ್ಲಿತ್ತು. ಮನೆಯಲ್ಲಿ ಕೂತು ನಗುತ್ತಿದ್ದ ಎಷ್ಟೋ ಗಂಡಸರು ಸ್ವತಃ ಸಾಲಿನಲ್ಲಿ ನಿಂತು ಬಂದವರು.

ನಮ್ಮಲ್ಲಿಯೂ ನಗೆ ಶ್ರೇಣಿಯ ಒಳಗಿನಿಂದಲೇ ಬಂದಿದೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಹಾಸ್ಯಲೇಖಕ ಬೀಚಿ ಪೊಲೀಸ್ ಇಲಾಖೆಯಲ್ಲಿ ದುಡಿದವರು. ಅಧಿಕಾರದ ಮಾತು ಹೇಗಿರುತ್ತದೆಂದು ಹತ್ತಿರದಿಂದ ಕೇಳಿದ್ದ ಕಿವಿ ಅವರದು. ಅವರ ಬರಹಗಳ ತಿಮ್ಮ ದಡ್ಡನಂತೆ ಕೇಳುವ ಪ್ರಶ್ನೆಗಳಿಗೆ ದೊಡ್ಡವರ ಬಳಿ ಉತ್ತರವಿರುವುದಿಲ್ಲ. ಸಾರಥಿಯ ವಂಶದವನೇ ಆತ ಎಂದು ನನಗೆ ಅನಿಸುತ್ತದೆ.

ಆದರೆ ಆ ಹೆಣ್ಣುಮಗಳ ಮಾತು ಈ ತಿಳಿವಳಿಕೆಯನ್ನು ಸುಲಭವಾಗಿ ಉಳಿಯಗೊಡಲಿಲ್ಲ. ಅವಳ ಹೆಸರನ್ನು ತಿರುಗಾಡಿಸಿದವನೂ ಒಬ್ಬ ಜಮಾದಾರನೇ. ಅವನೂ ಮೇಲಿನವರ ಕಣ್ಣಿಗೆ ಮಣ್ಣೆರಚಿದವನೇ. ಹಾಗಿದ್ದರೆ ಅವನ ಗೆಲುವನ್ನೂ ಕೆಳಗಿನವನ ಗೆಲುವೆಂದು ಕರೆಯಬಹುದೇ? ಅವನು ಮೇಲಕ್ಕೆ ವಂಚಿಸಿದ ಹಾಗೆ ಕಾಣುತ್ತದೆ, ತೆರುವವಳು ಮಾತ್ರ ಕೆಳಗಿದ್ದಾಳೆ. ಅರಸನ ಬೊಕ್ಕಸ ಅರಸನದಲ್ಲ ಎಂಬ ಸರಳ ಸಂಗತಿಯನ್ನು ನಗುವಾಗ ನಾವು ಮರೆತುಬಿಡುತ್ತೇವೆ. ಸಾರಥಿ ಮರೆತಿರಲಿಲ್ಲ. ಈ ನಾಲ್ವರಿಗೆ ಏನು ಕೊಟ್ಟಿ ಎಂದು ಅವನು ಕೇಳಿದ್ದು ಅದನ್ನೇ. ನಾವು ಆ ಪ್ರಶ್ನೆಗೂ ನಕ್ಕೆವು.

ಹಾಗೆಂದು ಲೆಕ್ಕವನ್ನು ಬಿಗಿಗೊಳಿಸಿದರೆ ಸಾಕು ಎಂಬ ನಿಲುವಿಗೂ ನನ್ನ ಮನಸ್ಸು ಒಪ್ಪಲಿಲ್ಲ. ಖಾತ್ರಿ ಕೆಲಸದ ಸ್ಥಳದಲ್ಲಿ ದಿನಕ್ಕೆ ಎರಡು ಬಾರಿ ಕೂಲಿಕಾರರ ಫೋಟೋ ತೆಗೆದು ಮೊಬೈಲ್ ಮೂಲಕ ಹಾಜರಿ ಕಳಿಸುವ ವ್ಯವಸ್ಥೆ 2023ರ ಜನವರಿ 1ರಿಂದ ದೇಶಾದ್ಯಂತ ಕಡ್ಡಾಯವಾಯಿತು. ಖಲ್ಜಿಯ ಕಾಲದಲ್ಲಿ ಕುದುರೆಯ ಮೇಲಿದ್ದ ಮುದ್ರೆ ಈಗ ಮನುಷ್ಯರ ಮುಖದ ಮೇಲೆ ಬಿತ್ತು. 2025ರ ಜುಲೈ ಹೊತ್ತಿಗೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳು, ಫೋಟೋದ ಫೋಟೋಗಳು ಹಾಜರಿಯಾಗಿ ಬರುತ್ತಿವೆ ಎಂದು ರಾಜ್ಯಗಳನ್ನು ಎಚ್ಚರಿಸಬೇಕಾಯಿತು. ಹುಡುಗರು ರುಮಾಲು ಬದಲಿಸಿ ಮತ್ತೆ ಬಂದಿದ್ದರು. ಅತ್ತ ನಿಜವಾಗಿ ಬಿಸಿಲಲ್ಲಿ ಮಣ್ಣು ಹೊತ್ತವರು ಮಾತ್ರ ನೆಟ್‌ವರ್ಕ್ ಸಿಗದ ಬಯಲಿನಲ್ಲಿ, ಚಿತ್ರ ಹೋಗದಿದ್ದರೆ ಕೂಲಿಯೂ ಹೋಯಿತೆಂಬ ಭಯದಲ್ಲಿ ಕಾಯಬೇಕಾಯಿತು. ಎಣಿಕೆ ಬಿಗಿಯಾದಷ್ಟೂ ವಂಚಕನಿಗಿಂತ ಮೊದಲು ಪ್ರಾಮಾಣಿಕನ ಕುತ್ತಿಗೆಗೆ ಬರುವುದನ್ನು ನಾನು ಬೇರೆ ಕಡೆಗಳಲ್ಲಿಯೂ ನೋಡಿದ್ದೇನೆ.

ಹಾಗಾದರೆ ದೋಷ ಎಲ್ಲಿದೆ? ಬಿಲ್ಕೊ ಮಾಲೆಯ, 1956ರಲ್ಲಿ ಬಂದ ಒಂದು ಕಂತು ಈ ಪ್ರಶ್ನೆಗೆ ಹತ್ತಿರವಾಗಿ ನನಗೆ ಸಿಕ್ಕಿತು. ಹೊಸದಾಗಿ ಸೇರುವವರ ತಪಾಸಣೆಯನ್ನು ಅತಿ ಬೇಗ ಮುಗಿಸಿ ದಾಖಲೆ ನಿರ್ಮಿಸಬೇಕೆಂದು ಕರ್ನಲನಿಗೆ ಹಟ. ಆ ಅವಸರದ ಸಾಲಿನಲ್ಲಿ ಒಂದು ಚಿಂಪಾಂಜಿಯೂ ಸೇರಿಕೊಳ್ಳುತ್ತದೆ. ವೈದ್ಯರು ನೋಡುತ್ತಾರೆ, ಗುಮಾಸ್ತ ಬರೆಯುತ್ತಾನೆ, ಸಮವಸ್ತ್ರ ಕೊಡುತ್ತಾರೆ. ಬೇಗ ಹೇಳು ಎಂದು ಗದರಿದ ಮಾತನ್ನೇ ಹೆಸರೆಂದು ದಾಖಲಿಸಿ ‘ಹ್ಯಾರಿ ಸ್ಪೀಕಪ್’ ಎಂಬ ಸೈನಿಕನನ್ನಾಗಿ ಮಾಡುತ್ತಾರೆ. ಗೊತ್ತಾದ ಮೇಲೆ ತಪ್ಪೊಪ್ಪಿಕೊಳ್ಳಲಾಗದೆ, ಅದನ್ನು ಹೊರಹಾಕಲು ಸೇನಾ ನ್ಯಾಯಾಲಯವನ್ನೇ ಕೂಡಿಸಬೇಕಾಗುತ್ತದೆ. ಅಲ್ಲಿ ಆರೋಪಿಯ ಪರ ವಾದಿಸುವವನು ಬಿಲ್ಕೊ. ಆ ಕಂತಿನಲ್ಲಿ ಯಾರೂ ಲೆಕ್ಕ ತಪ್ಪಿರಲಿಲ್ಲ. ಎಲ್ಲ ಕಾಗದಗಳೂ ಸರಿಯಾಗಿದ್ದವು. ಯಾರೂ ತಲೆಯೆತ್ತಿ ಮುಖ ನೋಡಿರಲಿಲ್ಲ, ಅಷ್ಟೆ.

ದುರ್ಯೋಧನ ದಿಗಂತ ನೋಡುತ್ತ ನಿಂತಿದ್ದ ಭಂಗಿ ಆಗ ನನಗೆ ಅರ್ಥವಾಯಿತು. ಜಮಾದಾರನ ಚಾತುರ್ಯವೆಲ್ಲ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ರಾಜ ಎಣಿಸುತ್ತಾನೆ, ನೋಡುವುದಿಲ್ಲ. ಈ ನಂಬಿಕೆ ಸುಳ್ಳಾಗದಿರುವ ತನಕ ಮುದ್ರೆ, ಚಹರೆ, ಫೋಟೋ ಯಾವುದೂ ಅವನನ್ನು ತಡೆಯದು. ನೋಡುವ ಕೆಲಸವನ್ನು ಮತ್ತೊಂದು ಗುರುತಿಗೆ ವಹಿಸಿ ಕಣ್ಣಿಗೆ ಬಿಡುವು ಮಾಡಿಕೊಡುವ ಉಪಾಯಗಳೇ ಅವೆಲ್ಲ.

ಇದನ್ನು ಬರೆಯುವಾಗ ಇನ್ನೊಂದು ಮಾತು ಎದ್ದು ನಿಲ್ಲುತ್ತದೆ, ನನಗೆ ಅದು ಹೆಚ್ಚು ಕಷ್ಟದ್ದು. ಸಾರಥಿ ಆ ಹುಡುಗನ ಹೆಗಲು ಹಿಡಿಯುವ ಮೊದಲು, ಅದೇ ಆಟದಲ್ಲಿ, ಬೆರಳೆಣಿಕೆಯ ಜನ ನಿಂತು ಇಡೀ ಕೌರವಸೇನೆ ಎಂದಾಗ ನಾನು ಒಪ್ಪಿಕೊಂಡಿದ್ದೆ. ರಂಗಭೂಮಿಯ ಕರಾರೇ ಹಾಗೆ, ನಾಲ್ವರನ್ನು ಲಕ್ಷವೆಂದು ನಂಬದಿದ್ದರೆ ಕುರುಕ್ಷೇತ್ರ ನಡೆಯದು. ಆದರೆ ಆ ಕರಾರನ್ನು ನಾನು ಅಟ್ಟದ ಹೊರಗೂ ಹೊತ್ತು ತಿರುಗುತ್ತೇನೆ. ‘ಕೂಲಿಕಾರರು’, ‘ಫಲಾನುಭವಿಗಳು’, ‘ಜನಸಾಮಾನ್ಯರು’ ಎಂದು ಬರೆಯುವಾಗ ನನ್ನ ಕಣ್ಣ ಮುಂದೆ ಎಷ್ಟು ಮುಖಗಳಿರುತ್ತವೆ? ಅದೇ ನಾಲ್ಕು ಮುಖಗಳು ರುಮಾಲು ಬದಲಿಸಿ ಮತ್ತೆ ಮತ್ತೆ ಸಾಗುತ್ತಿರಬಹುದು. ದಿಗಂತ ನೋಡುವ ಭಂಗಿಗೆ ಕಿರೀಟವೇ ಬೇಕೆಂದಿಲ್ಲ.

ಮುಖ ನೋಡುವವನು ಯಾರು ಎಂದು ಹುಡುಕಿದರೆ ಸಿಗುವ ಉತ್ತರ ನೆಮ್ಮದಿ ಕೊಡುವಂಥದ್ದಲ್ಲ. ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದಾಗ ನಮ್ಮ ಪ್ಲಟೂನಿಗೆ ಹಿರಿಯ ವಿದ್ಯಾರ್ಥಿಯೊಬ್ಬ ಸಾರ್ಜೆಂಟ್ ಆಗಿದ್ದ. ಪರೇಡಿಗೆ ಬಾರದವರನ್ನೂ ಬಂದರೆಂದು ಒಪ್ಪಿಸುತ್ತಿದ್ದ. ಕವಾಯತು ಮುಗಿದ ಮೇಲೆ ಕೊಡುತ್ತಿದ್ದ ತಿಂಡಿಯ ಪೊಟ್ಟಣಗಳಲ್ಲಿ ಹೀಗೆ ಹೆಚ್ಚಾದವನ್ನು ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗರಿಗೆ ಹಂಚುತ್ತಿದ್ದ. ಯಾರು ಹಿಂದಿನ ರಾತ್ರಿ ಉಂಡಿಲ್ಲ, ಯಾರ ಮನೆಯಿಂದ ಈ ತಿಂಗಳು ಹಣ ಬಂದಿಲ್ಲ, ಯಾರ ಅಪ್ಪ ನಾಟಿಯ ಕೆಲಸಕ್ಕೆ ಸಿರುಗುಪ್ಪದ ಕಡೆ ಹೋಗಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತು. ಅದೇ ಹುಡುಗರಿಂದ ತನ್ನ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಲೂ ಇದ್ದ. ನಮ್ಮ ಹಾಜರಿಯನ್ನು ಶುದ್ಧವಾಗಿ ಬರೆದ ಯಾರಿಗೂ ನಮ್ಮ ಹಸಿವು ಗೊತ್ತಿರಲಿಲ್ಲ. ಸುಳ್ಳು ಬರೆಸಿದವನಿಗೆ ಗೊತ್ತಿತ್ತು. ಬಿಲ್ಕೊವಿನ ಪ್ಲಟೂನ್ ಅವನನ್ನು ಬಿಟ್ಟುಹೋಗದಿರುವುದಕ್ಕೂ ಇದೇ ಕಾರಣವಿರಬೇಕು. ತನ್ನವರ ಪ್ರತಿಯೊಂದು ದೌರ್ಬಲ್ಯವನ್ನೂ ಅವನು ಬಲ್ಲ. ದೋಚಲು ಬಲ್ಲದ್ದು ಪೊರೆಯಲೂ ಸಾಲುತ್ತದೆ.

ಆ ಹಳ್ಳಿಯ ಹೆಣ್ಣುಮಗಳ ವಿಷಯದಲ್ಲೂ ಹೀಗೆಯೇ ಇದ್ದೀತೆ? ಅವಳ ಹೆಸರನ್ನು ಬಳಸಿಕೊಂಡವನೇ ಅವಳಿಗೆ ಕಾಯಿಲೆ ಬಂದಾಗ ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಿರಬಹುದು. ಅವಳ ದನಿಯಲ್ಲಿ ದೂರು ಇಲ್ಲದಿದ್ದುದಕ್ಕೆ ನನಗೆ ಹೊಳೆಯುವ ಕಾರಣ ಅದೊಂದೇ. ಅದನ್ನು ಕೇಳುವಷ್ಟು ಸಲಿಗೆ ನಮ್ಮ ನಡುವೆ ಇರಲಿಲ್ಲ. ಗುರುತು ಹಿಡಿಯುವವರೆಲ್ಲ ಲಾಭಕ್ಕಾಗಿ ಹಿಡಿಯುವವರು, ಲಾಭ ಬಯಸದವರಿಗೆ ಗುರುತೇ ಇಲ್ಲ ಎಂಬಂಥ ಒಂದು ಏರ್ಪಾಡಿನಲ್ಲಿ ಬಡವನು ಯಾರನ್ನು ಆರಿಸಿಕೊಳ್ಳಬೇಕು? ಅವನು ತನ್ನ ಜಮಾದಾರನನ್ನು ಆರಿಸಿಕೊಂಡರೆ ಅದನ್ನು ಅಜ್ಞಾನವೆನ್ನಲು ನನಗೆ ಬಾಯಿ ಬರುವುದಿಲ್ಲ.

ಮೂರನೆಯವನೊಬ್ಬ ಇದ್ದಾನೆಯೇ ಎಂದು ಯೋಚಿಸಿದಾಗ ಸಾರಥಿಯೇ ಎದುರಾಗುತ್ತಾನೆ. ಅವನಿಗೆ ಪ್ರತಿ ಮುಖವೂ ಗೊತ್ತು, ಆದರೆ ಅದರಿಂದ ಅವನಿಗೆ ಬರುವುದೇನೂ ಇಲ್ಲ. ಅವನಿಗೆ ಸೈನ್ಯವೂ ಇಲ್ಲ, ಸಂಬಳದ ಪಾಲೂ ಇಲ್ಲ. ಎಲ್ಲರೆದುರು ಹೆಗಲು ಹಿಡಿದು, ನಿನ್ನನ್ನು ಈಗಷ್ಟೇ ನೋಡಿದ್ದೆನಲ್ಲ ಎನ್ನುವ ಸ್ವಾತಂತ್ರ್ಯವಷ್ಟೇ ಇದೆ. ಅದನ್ನು ಅವನಿಗೆ ಕೊಟ್ಟವರು ಮುಂದೆ ಕೂತ ಜನ. ಆ ಹುಡುಗ ಯಾರ ಮಗ, ಅವನಿಗೆ ಅಣ್ಣನಿದ್ದಾನೆಯೇ ಇಲ್ಲವೇ ಎಂಬುದು ಊರಿಗೆಲ್ಲ ಗೊತ್ತಿದ್ದುದರಿಂದಲೇ ‘ಅವ ನಮ್ಮಣ್ಣ’ ಎಂಬ ಮಾತಿಗೆ ಆ ನಗು ಎದ್ದದ್ದು. ಬೇರೊಂದು ಊರಿನಲ್ಲಿ ಆ ಸುಳ್ಳು ನಿಜವಾಗಿ ಸಂದುಬಿಡುತ್ತಿತ್ತು.

ಇದಕ್ಕೆ ಸಮನಾದದ್ದು ಕಾಯ್ದೆಯಲ್ಲಿಯೂ ಇತ್ತೆಂಬುದನ್ನು ನಾನು ಆಮೇಲೆ ಗಮನಿಸಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ಹಾಜರಿ ಪಟ್ಟಿ, ಬಿಲ್ಲು, ವೋಚರುಗಳನ್ನು ಪಂಚಾಯಿತಿ ಸಭೆಯ ಮುಂದೆ ಇಡಬೇಕೆಂದು ಹೇಳಿತು. ಹೆಸರುಗಳನ್ನು ಗಟ್ಟಿಯಾಗಿ ಓದಬೇಕು, ಆ ಹೆಸರಿನ ಮುಖವನ್ನು ಬಲ್ಲವರು ಕೇಳಿಸಿಕೊಳ್ಳಬೇಕು. ಅದನ್ನು ರೂಪಿಸಿದವರು ಬಯಲಾಟ ನೋಡಿದ್ದರೋ ಇಲ್ಲವೋ, ಸಾರಥಿಯ ಪ್ರಶ್ನೆಯನ್ನು ಕಾನೂನಿನ ಭಾಷೆಯಲ್ಲಿ ಬರೆದಿದ್ದರು. ಮುದ್ರೆಗೂ ಫೋಟೋಗೂ ಇಲ್ಲದ ಬಲ ಈ ಓದಿಗಿದೆ, ಏಕೆಂದರೆ ಅದು ನೋಡುವ ಕೆಲಸವನ್ನು ಮರಳಿ ಜನರ ಕಣ್ಣಿಗೇ ಒಪ್ಪಿಸುತ್ತದೆ.

ಅಷ್ಟರಿಂದ ಎಲ್ಲವೂ ಸರಿಹೋಗುತ್ತದೆಂದು ನಾನು ನಂಬಿಲ್ಲ. ಸಭೆಯಲ್ಲಿ ಎದ್ದು ಹೇಳುವವಳು ಮರುದಿನ ಅದೇ ಜಮಾದಾರನ ಎದುರು ಬದುಕಬೇಕು. ಅಟ್ಟದ ಮೇಲೆ ಸಾರಥಿಗಿರುವ ರಕ್ಷಣೆ ಬೆಳಗಾದ ಮೇಲೆ ಅವಳಿಗಿಲ್ಲ. ಸುತ್ತ ಕೂತವರ ಸಂಖ್ಯೆ ಹೆಚ್ಚಿದಷ್ಟೂ ಅವಳ ದನಿಗೆ ಬಲ ಬಂದೀತು, ಅದೂ ಅವರು ಅವಳನ್ನು ಬಲ್ಲವರಾಗಿದ್ದರೆ. ಆಟಕ್ಕೆ ಬೆಳಗಿನ ಜಾವದವರೆಗೆ ಕದಲದೆ ಕೂತಿದ್ದ ಆ ಜನಸಂದಣಿಯ ಅರ್ಧದಷ್ಟು ಪಟ್ಟಿ ಓದುವ ಸಭೆಗೆ ಬಂದರೂ ಸಾಕಿತ್ತು ಎಂದು ನನಗೆ ಅನಿಸಿದ್ದುಂಟು. ಆದರೆ ಹಾಗೆ ಬಾರದವರಲ್ಲಿ ನನ್ನಂತೆ ಪಟ್ಟಣದಲ್ಲಿ ನೆಲೆಸಿ, ಆಟಕ್ಕೆ ಮಾತ್ರ ಊರಿಗೆ ಬರುವವರೂ ಸೇರಿದ್ದಾರೆ. ನನ್ನ ಊರಿನಲ್ಲಿ ಮುಂದೆ ಅಂಥ ಸಭೆ ನಡೆದಾಗ ಹೋಗಿ ಕೂರಬೇಕೆಂದಿದ್ದೇನೆ. ಓದಿದ ಹೆಸರುಗಳಲ್ಲಿ ಎಷ್ಟಕ್ಕೆ ನನ್ನಲ್ಲಿ ಮುಖಗಳಿವೆ ಎಂಬುದು ಆ ದಿನವೇ ತಿಳಿಯಬೇಕು.